ಕಡಲ ದಂಡೆಯಲ್ಲಿ ಹಳೇ ಕಾರು ಸಿಕ್ಕರೆ: ಒಣಗಿಸಬೇಡಿ, ಮೊದಲು ಉಪ್ಪು ಬಿಡಿಸಿ

ಮಳೆಗಾಲದಲ್ಲಿ ಕಡಲು ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯ ದಂಡೆಗಳು ತಗ್ಗುತ್ತಾ ಹೋಗುತ್ತವೆ. ದೀಪಾವಳಿ ಹೊತ್ತಿಗೆ ಅಲೆ ಮೆತ್ತಗಾಗಿ, ಮರಳು ನಿಧಾನಕ್ಕೆ ವಾಪಸ್ ಬರುತ್ತದೆ. ಈ ನಡುವಿನ ದಿನಗಳಲ್ಲಿ ವರ್ಷಗಟ್ಟಲೆ ಹೂತುಹೋಗಿದ್ದ ವಸ್ತುಗಳು ಕಣ್ಣಿಗೆ ಬೀಳುತ್ತವೆ. ಹಳೇ ದೋಣಿಯ ಪಕ್ಕೆ, ಕೊಚ್ಚಿಹೋದ ಬಾವಿಯ ಕಲ್ಲು, ತೆಂಗಿನ ಬುಡ. ನಾಲ್ಕು ವರ್ಷದ ಹಿಂದೆ ಒಂದು ಜುಲೈನಲ್ಲಿ, ಕುಂದಾಪುರದಿಂದ ಉತ್ತರಕ್ಕೆ, ಗಾಳಿಮರದ ತೋಪಿನ ಕೆಳಗೆ ನಮಗೆ ಕಂಡದ್ದು ಒಂದು ಕಾರಿನ ಮಾಡು, ಅಂದರೆ ಮೇಲಿನ ಚಾವಣಿ.

ಅದು ಫಿಯೆಟ್ 1100. ಆ ಕಾರಿನಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೆಲವು ಪಾಠ ನಷ್ಟ ಮಾಡಿಕೊಂಡೇ ಕಲಿತದ್ದು. ಮರಳಿನಿಂದ ತೆಗೆದ ಎರಡು ಬಾಗಿಲುಗಳನ್ನು ನಾವು ಅಂಗಳದಲ್ಲಿ ಬಿಸಿಲಿಗೆ ಇಟ್ಟು, ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಪ್ರೈಮರ್ ಹೊಡೆದೆವು. ಎರಡೇ ತಿಂಗಳಲ್ಲಿ ಅವು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದವು. ಅದೇ ಕಾರಿನ ಬಾನೆಟ್ಟನ್ನು ಜಾಗ ಇಲ್ಲದೆ ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಮರೆತಿದ್ದೆವು. ಅದು ಇವತ್ತಿಗೂ ಗಟ್ಟಿಯಾಗಿದೆ. ಈ ವ್ಯತ್ಯಾಸ ಯಾಕೆ ಅಂತ ಹುಡುಕುತ್ತಾ ಹೋದಾಗಲೇ ನನಗೆ ವಿಷಯ ಅರ್ಥವಾದದ್ದು. ಕಡಲ ಕಾರಿನ ನಿಜವಾದ ಶತ್ರು ಕಣ್ಣಿಗೆ ಕಾಣುವ ತುಕ್ಕಲ್ಲ. ತುಕ್ಕಿನ ಒಳಗೆ ಕೂತ ಉಪ್ಪು.

ಮೊದಲ ದಿನ: ಮುಟ್ಟದೆ ನೋಡಿ, ಬರೆದಿಡಿ

ಕಾರು ಕಂಡ ಕೂಡಲೇ ಬಾಗಿಲು ಎಳೆಯುವ ಆಸೆ ಆಗುತ್ತದೆ. ತಡೆಯಿರಿ. ಆ ಕಾರು ಕಳ್ಳತನದ್ದಿರಬಹುದು, ಯಾವುದೋ ಅಪರಾಧದ ಸಾಕ್ಷಿಯೂ ಆಗಿರಬಹುದು. ಡಿಕ್ಕಿಯನ್ನಂತೂ ಪೊಲೀಸರು ಬರುವ ಮುಂಚೆ ತೆಗೆಯಲೇಬೇಡಿ. ಒಳಗೆ ಹಾವು ಇರಬಹುದು, ಒಡೆದ ಗಾಜು ಇದ್ದೇ ಇರುತ್ತದೆ. ತುಕ್ಕು ಕಬ್ಬಿಣದಿಂದ ಕೈ ಕೊಯ್ದುಕೊಂಡರೆ, ಕೊನೆಯ ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಅಂತ ನೆನಪು ಮಾಡಿಕೊಂಡು ಆಸ್ಪತ್ರೆಗೆ ಹೋಗಿ.

ನಾಲ್ಕೂ ಬದಿಯಿಂದ ಫೋಟೋ ತೆಗೆಯಿರಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಕೋಲು ಇಡಿ. ಫೋನಿನಲ್ಲಿ ಜಾಗದ ಲೊಕೇಶನ್ ಉಳಿಸಿ. ಅದರ ಜೊತೆಗೆ ಅಲುಗಾಡದ ಎರಡು ಗುರುತುಗಳಿಂದ ಹೆಜ್ಜೆ ಎಣಿಸಿ ಬರೆದಿಡಿ. ಇಂಥ ತೆಂಗಿನ ಮರದಿಂದ ಇಷ್ಟು ಹೆಜ್ಜೆ, ದೈವಸ್ಥಾನದ ಮೂಲೆಯಿಂದ ಇಷ್ಟು ಹೆಜ್ಜೆ ಅಂತ. ಇದು ಸುಮ್ನೆ ಹೇಳುತ್ತಿಲ್ಲ. ಮಳೆಗಾಲದಲ್ಲಿ ಕಂಡ ಕಾರು ನವೆಂಬರ್‌ನಲ್ಲಿ ಪೂರ್ತಿ ಮರಳಿನಡಿ ಹೋಗಿರುತ್ತದೆ. ನಮ್ಮದು ಹಾಗೇ ಆಗಿತ್ತು. ಹೆಜ್ಜೆಯ ಲೆಕ್ಕ ಇಲ್ಲದಿದ್ದರೆ ಮತ್ತೆ ಸಿಗುತ್ತಿರಲಿಲ್ಲ.

ಯಾವ ಕಾರು ಇದು?

ನಮ್ಮ ದೇಶದಲ್ಲಿ 1950ರಿಂದ 80ರ ದಶಕದ ತನಕ ಓಡಾಡಿದ ಕಾರುಗಳ ಜಾತಿ ಬಹಳ ಕಡಿಮೆ. ಹಾಗಾಗಿ ಅರ್ಧ ತುಕ್ಕು ತಿಂದ ಡಬ್ಬವನ್ನೂ ಗುರುತಿಸಬಹುದು.

ಮುಂದಿನ ಬಾಗಿಲಿನ ಕೀಲು ಹಿಂದುಗಡೆ ಇದ್ದು, ಬಾಗಿಲು ಉಲ್ಟಾ ತೆರೆಯುವ ಹಾಗಿದ್ದರೆ ಅದು 1950ರ ದಶಕದ ಹಳೇ ಫಿಯೆಟ್. ಮುಂಬೈ ಕಡೆ ಅದನ್ನು ಡುಕ್ಕರ್ ಫಿಯೆಟ್ ಅಂತ ಕರೆಯುತ್ತಾರೆ. ಬಾಗಿಲು ಸರಿಯಾದ ದಿಕ್ಕಿಗೆ ತೆರೆದು, ಡಿಕ್ಕಿಯ ಎರಡೂ ಬದಿಯಲ್ಲಿ ಸಣ್ಣ ರೆಕ್ಕೆಯಂಥ ಅಂಚು ಇದ್ದರೆ 1964ರ ನಂತರದ 1100 ಡಿಲೈಟ್. ಇಲ್ಲವೇ ಅದರಿಂದಲೇ ಬಂದ ಪ್ರೀಮಿಯರ್ ಪ್ರೆಸಿಡೆಂಟ್ ಅಥವಾ ಪದ್ಮಿನಿ. ದುಂಡಗೆ, ಭಾರವಾಗಿ, ದೊಡ್ಡ ಬೆನ್ನಿನ ಕಾರಾದರೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚು ಅದು. ಬಂಗಾಳದ ಉತ್ತರಪಾರಾದಲ್ಲಿ 2014ರ ತನಕ ತಯಾರಾಯಿತು. ಬಾನೆಟ್ ಮತ್ತು ಮಡ್‌ಗಾರ್ಡ್ ಒಟ್ಟಿಗೆ, ಇಡೀ ಮೂತಿಯೇ ಮುಂದಕ್ಕೆ ಮಗುಚುವ ಹಾಗಿದ್ದರೆ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಜೀಪಿನ ಮುಖದಲ್ಲಿ 7 ಸೀಳು ಇದ್ದರೆ ಮಾಮೂಲಿ ನಾಗರಿಕ ಜೀಪು. 9 ಇದ್ದರೆ ಎರಡನೇ ಮಹಾಯುದ್ಧದ ಕಾಲದ್ದಿರಬಹುದು. ಅಂಥದ್ದು ಸಿಕ್ಕರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು.

ನಂಬರ್ ಪ್ಲೇಟ್ ಉಳಿದಿದ್ದರೆ ಅದರಲ್ಲೇ ಕಾಲ ತಿಳಿಯುತ್ತದೆ. 'ಎಂವೈ' ಅಕ್ಷರಗಳಿಂದ ಶುರುವಾದರೆ ಅದು ಹಳೇ ಮೈಸೂರು ರಾಜ್ಯದ ಸರಣಿಯ ನಂಬರ್. 'ಕೆಎ' ಬಂದದ್ದು 1988ರ ಮೋಟಾರು ವಾಹನ ಕಾಯ್ದೆ ಜಾರಿಯಾದ ಮೇಲೆ. ಕೆಎ 19 ಮಂಗಳೂರು, ಕೆಎ 20 ಉಡುಪಿ, ಕೆಎ 30 ಕಾರವಾರ, ಕೆಎ 47 ಹೊನ್ನಾವರ.

ಪ್ಲೇಟ್ ಇಲ್ಲದಿದ್ದರೆ ಚಾಸಿ ನಂಬರ್ ನೋಡಬೇಕು. ಫಿಯೆಟ್‌ನಲ್ಲಿ ಬಾನೆಟ್ ಎತ್ತಿದರೆ, ಎಂಜಿನ್ ಮತ್ತು ಸೀಟಿನ ನಡುವಿನ ಗೋಡೆಯ ಮೇಲೆ ಕಂಪನಿಯ ಫಲಕ ಸಿಗುತ್ತದೆ. ಎಂಜಿನ್ ನಂಬರ್ ಬ್ಲಾಕಿನ ಮೇಲೆ ಕೊರೆದಿರುತ್ತದೆ. ಅಲ್ಲಿ ಮಾತ್ರ ವೈರ್ ಬ್ರಷ್ ಹಾಕಲೇಬೇಡಿ. ಅಂಕಿ ಅಳಿಸಿಹೋದರೆ ಕಾರಿನ ಗುರುತೇ ಹೋದ ಹಾಗೆ. ಮೆತ್ತಗಿನ ಹಲ್ಲುಜ್ಜುವ ಬ್ರಷ್, ಸಿಹಿನೀರು ಸಾಕು. ಸಂಜೆ ಹೊತ್ತಿಗೆ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಂಕಿಗಳು ನೆರಳಿನಿಂದ ಎದ್ದು ಕಾಣುತ್ತವೆ.

ಯಾರದ್ದು ಅಂತ ಕೇಳುವುದು

ದಂಡೆಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಸಿಕ್ಕ ವಸ್ತುವನ್ನು ಕೈಗೆ ತೆಗೆದುಕೊಂಡವನಿಗೆ ಅದನ್ನು ಕಾಪಾಡುವ ಹೊಣೆ ಇದೆ ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಮಾಲೀಕನನ್ನು ಹುಡುಕದೆ ಸ್ವಂತಕ್ಕೆ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧವೂ ಆಗಬಹುದು.

ಹಾಗಾಗಿ ಹತ್ತಿರದ ಠಾಣೆಗೆ ಲಿಖಿತ ಅರ್ಜಿ ಕೊಡಿ. ಫೋಟೋ, ಜಾಗ, ಸಿಕ್ಕ ದಿನ, ಕಂಡ ನಂಬರ್, ಎಲ್ಲ ಬರೆಯಿರಿ. ಹಿಂಬರಹ ಪಡೆಯದೆ ಬರಬೇಡಿ. ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕೊಡಿ. ಆರ್‌ಟಿಓ ಕಚೇರಿಯಲ್ಲಿ 'ಬಿ ಎಕ್ಸ್‌ಟ್ರಾಕ್ಟ್' ಕೇಳಿದರೆ ಆ ವಾಹನದ ನೋಂದಣಿ ವಿವರ ಸಿಗುತ್ತದೆ. ತುಂಬ ಹಳೇ ನಂಬರ್ ಕಂಪ್ಯೂಟರಿನಲ್ಲಿ ಇಲ್ಲದಿರಬಹುದು. ಆಗ ಹಳೇ ರಿಜಿಸ್ಟರ್ ಪುಸ್ತಕ ನೋಡಿಸಬೇಕು. ಎರಡು ಮೂರು ಸಲ ಹೋಗಬೇಕಾದೀತು. ಬೇಸರ ಮಾಡಬೇಡಿ.

ಪೊಲೀಸರು ವಶಕ್ಕೆ ಪಡೆದ ವಸ್ತುವಿಗೆ ವಾರಸುದಾರರು ಯಾರೂ ಕಾಣದಿದ್ದರೆ, ನ್ಯಾಯಾಲಯದ ಮೂಲಕ ಪ್ರಕಟಣೆ ಹೊರಡುತ್ತದೆ. ಹಕ್ಕು ಹೇಳಿಕೊಳ್ಳಲು 6 ತಿಂಗಳ ಅವಧಿ ಇರುತ್ತದೆ. ಅದರ ನಂತರ ಹರಾಜಾದರೆ ನೀವು ಕೊಳ್ಳಬಹುದು. ಮಾಲೀಕರು ಸಿಕ್ಕರೆ ಅವರಿಂದಲೇ ಬರವಣಿಗೆಯಲ್ಲಿ ಪಡೆಯಬಹುದು. ಯಾವ ದಾರಿಯಾದರೂ ಸರಿ, ಕೈಯಲ್ಲಿ ಕಾಗದ ಇರಲಿ. ಈ ಕಾಗದ ಇಲ್ಲದಿದ್ದರೆ ಮುಂದೆ ಕಾರಿಗೆ ಎಷ್ಟೇ ಬಣ್ಣ ಹೊಡೆದರೂ ನೋಂದಣಿ ಆಗುವುದಿಲ್ಲ.

ಊರಿನ ಹಿರಿಯರನ್ನೂ ಕೇಳಿ. ಕಾಗದದಲ್ಲಿ ಸಿಗದ್ದು ಅವರ ಬಾಯಲ್ಲಿ ಸಿಗುತ್ತದೆ. ನಮ್ಮ ಫಿಯೆಟ್ ಕಥೆ ಹೇಳಿದ್ದು ಕೈರಂಪಣಿ ಬಲೆ ಎಳೆಯುತ್ತಿದ್ದ ಒಬ್ಬ ಅಜ್ಜ. ಅದೊಂದು ಮನೆಯ ಟ್ಯಾಕ್ಸಿಯಾಗಿತ್ತಂತೆ. ಓಡದೆ ನಿಂತ ಮೇಲೆ ತೋಪಿನ ಬದಿಯಲ್ಲಿ ಬಿಟ್ಟಿದ್ದರಂತೆ. ಕಾರು ಕಡಲಿನ ಹತ್ತಿರ ಹೋಗಲಿಲ್ಲ, ಕಡಲೇ ದಂಡೆ ಕೊರೆದು ಕೊರೆದು ಅದರ ಬುಡಕ್ಕೆ ಬಂತು. ಮರವಂತೆಯಂಥ ಕಡೆ ಕಡಲ್ಕೊರೆತ ನೋಡಿದವರಿಗೆ ಇದು ಆಶ್ಚರ್ಯ ಅನಿಸುವುದಿಲ್ಲ ಅಲ್ವಾ?

ಎತ್ತುವ ದಿನ

ದಂಡೆ ಕರಾವಳಿ ನಿಯಂತ್ರಣ ವಲಯಕ್ಕೆ ಸೇರಿದ ಜಾಗ. ಜೆಸಿಬಿ ಇಳಿಸುವ ಮುಂಚೆ ಪಂಚಾಯಿತಿ ಮತ್ತು ತಹಶೀಲ್ದಾರರ ಒಪ್ಪಿಗೆ ಬೇಕು. ತೋಡಿದ ಮರಳನ್ನು ಅಲ್ಲೇ ಮುಚ್ಚಬೇಕು, ಒಂದು ಬುಟ್ಟಿಯೂ ಹೊರಗೆ ಹೋಗಬಾರದು. ಅರಣ್ಯ ಇಲಾಖೆಯನ್ನೂ ಕೇಳಲೇಬೇಕು. ಕುಂದಾಪುರ, ಹೊನ್ನಾವರ ಕಡೆಯ ದಂಡೆಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ನಮಗೆ ಕೆಲಸಕ್ಕೆ ಅನುಕೂಲವಾದ ಶಾಂತ ಕಡಲಿನ ಕಾಲವೇ ಅವುಗಳ ಕಾಲ. ಆದ್ದರಿಂದ ಹಗಲಿನಲ್ಲೇ ಕೆಲಸ ಮುಗಿಸಿ. ರಾತ್ರಿ ದೊಡ್ಡ ದೀಪ ಹಚ್ಚಬೇಡಿ. ಗೂಡಿನ ಗುರುತು ಕಂಡರೆ ಆ ಬದಿಗೆ ಚಕ್ರ ಹೋಗದಿರಲಿ.

ದಿನ ಆರಿಸುವಾಗ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಜೋರು, ಇಳಿತವೂ ಜಾಸ್ತಿ. ನೀರು ಅತಿ ಹಿಂದೆ ಸರಿಯುವುದು ಆಗಲೇ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಇನ್ನೂ ಇಳಿಯುತ್ತಿರುವಾಗಲೇ ಅಗೆಯಲು ಶುರು ಮಾಡಿ. ಪೂರ್ತಿ ಇಳಿದ ಹೊತ್ತಿಗೆ ಎಳೆಯಲು ತಯಾರಿರಬೇಕು.

ಇನ್ನು ತೂಕದ ಲೆಕ್ಕ. ಫಿಯೆಟ್ 1100 ಖಾಲಿ ಕಾರು ಒಂದು ಟನ್ನಿಗಿಂತ ಕಡಿಮೆ. ಆದರೆ ಒಂದು ಘನ ಮೀಟರ್ ಒದ್ದೆ ಮರಳು ಸುಮಾರು 2 ಟನ್ ತೂಗುತ್ತದೆ. ಕಾರಿನ ಹೊಟ್ಟೆಯಲ್ಲಿ ಅಷ್ಟು ಮರಳು ಆರಾಮಾಗಿ ಹಿಡಿಯುತ್ತದೆ. ಹಾಗೇ ಎತ್ತಿದರೆ ಕೊಳೆತ ತಳ ಕಿತ್ತು ಬರುತ್ತದೆ, ಮಾಡು ಮಾತ್ರ ಕೈಗೆ ಬರುತ್ತದೆ. ಮೊದಲು ಒಳಗಿನ ಮರಳನ್ನು ಸಲಿಕೆಯಿಂದ, ಆಮೇಲೆ ಕೈಯಿಂದ ಪೂರ್ತಿ ಖಾಲಿ ಮಾಡಿ. ತೆಗೆದ ಮರಳನ್ನು ಜರಡಿ ಹಿಡಿಯಿರಿ. ನಮಗೆ ಹಾಗೇ ಸಿಕ್ಕಿದ್ದು ಬಾಗಿಲಿನ ಹಿಡಿ, ಎರಡು ಸ್ವಿಚ್ಚು, ಗೇರಿನ ಗುಂಡು.

ಬಂಪರಿಗೆ ಹಗ್ಗ ಕಟ್ಟಬೇಡಿ, ಅದು ಮೊದಲು ಕಿತ್ತುಬರುವ ಭಾಗ. ಆಕ್ಸಲ್ಲಿಗೆ ಅಗಲವಾದ ಬೆಲ್ಟ್ ಹಾಕಿ. ಚಕ್ರ ಉರುಳುವ ಆಸೆ ಬಿಟ್ಟು, ಕಾರಿನ ಅಡಿಗೆ ಹಲಗೆ ತೂರಿಸಿ. ದೋಣಿ ಎಳೆಯುವ ಹಾಗೆ ಉರುಟು ಮರಗಳ ಮೇಲೆ ಜಾರಿಸಿ. ಇದರಲ್ಲಿ ಮೀನುಗಾರರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಅವರನ್ನು ಕರೆಯಿರಿ, ಅವರು ಹೇಳಿದ ಹಾಗೆ ಕೇಳಿ, ಕೂಲಿ ಸರಿಯಾಗಿ ಕೊಡಿ. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ತುಂಡಾದ ತಂತಿ ಹಗ್ಗ ಕಾಲು ಮುರಿಯುತ್ತದೆ.

ಇಡೀ ಲೇಖನದ ತಿರುಳು: ಒಣಗಲು ಬಿಡಬೇಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದರಲ್ಲಿರುವ ಕ್ಲೋರೈಡ್ ತುಕ್ಕಿನ ಸಂದುಗಳಲ್ಲಿ ಇಳಿದು, ತುಕ್ಕಿಗೂ ಗಟ್ಟಿ ಕಬ್ಬಿಣಕ್ಕೂ ನಡುವೆ ಕೂರುತ್ತದೆ. ಕಾರು ಒದ್ದೆ ಮರಳಿನ ಆಳದಲ್ಲಿದ್ದಾಗ ಅಲ್ಲಿ ಗಾಳಿ ಕಡಿಮೆ. ಹಾಗಾಗಿ ತುಕ್ಕು ನಿಧಾನ. ಅದನ್ನು ಮೇಲೆ ತೆಗೆದ ಗಳಿಗೆಯಿಂದ ಗಾಳಿಯೂ ಇದೆ, ನೀರೂ ಇದೆ, ಉಪ್ಪೂ ಇದೆ. ಮರಳಿನಡಿ ವರ್ಷಗಟ್ಟಲೆ ತಡೆದದ್ದು ಹೊರಗೆ ಬಂದ ಕೆಲವೇ ತಿಂಗಳಲ್ಲಿ ಪುಡಿಯಾಗುವುದು ಇದೇ ಕಾರಣಕ್ಕೆ.

'ಬಿಸಿಲಲ್ಲಿ ಒಣಗಿಸಿದರೆ ಆಯ್ತಲ್ಲ' ಅಂತ ಅನಿಸುತ್ತದೆ. ನಮಗೂ ಹಾಗೇ ಅನಿಸಿತ್ತು. ಎರಡು ತೊಂದರೆ ಇವೆ. ಮೊದಲನೆಯದು, ಒಣಗುವಾಗ ಒಳಗಿನ ಉಪ್ಪು ಹರಳುಗಟ್ಟಿ ಉಬ್ಬುತ್ತದೆ, ತುಕ್ಕಿನ ಪದರವನ್ನು ತಳ್ಳಿ ಎಬ್ಬಿಸುತ್ತದೆ. ಒಣಗಿ ಗಟ್ಟಿಯಾದ ತುಕ್ಕಿನಿಂದ ಆಮೇಲೆ ಉಪ್ಪನ್ನು ಹೊರಗೆ ತರುವುದೂ ಕಷ್ಟ. ಎರಡನೆಯದು, ಕರಾವಳಿಯಲ್ಲಿ ಉಪ್ಪು ನಿಜವಾಗಿ ಒಣಗುವುದೇ ಇಲ್ಲ. ಅಡುಗೆ ಉಪ್ಪು ಗಾಳಿಯ ತೇವ ಶೇಕಡ 75 ದಾಟಿದರೆ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಶೇಕಡ 33ರ ತೇವಕ್ಕೇ ನೀರು ಎಳೆಯುತ್ತದೆ. ನಮ್ಮಲ್ಲಿ ಅಷ್ಟು ಒಣ ದಿನಗಳು ಎಷ್ಟಿವೆ? ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರೊಡೆಯುವುದನ್ನು ನೋಡಿದ್ದೀರಿ ಅಲ್ವಾ? ಕಾರಿನ ತಗಡಿನೊಳಗೂ ಅದೇ ನಡೆಯುತ್ತಿರುತ್ತದೆ.

ಹಾಗಾಗಿ ಕಾರು ಮೇಲೆ ಬಂದ ಕೂಡಲೇ ಸಿಹಿನೀರಿನಿಂದ ತೊಳೆಯಿರಿ, ಒದ್ದೆ ಗೋಣಿಚೀಲ ಹೊದೆಸಿ. ಮೇಲೆ ಟಾರ್ಪಾಲಿನ್ ಮುಚ್ಚಿ. ಗೋಣಿ ಒಣಗದ ಹಾಗೆ ಬೆಳಿಗ್ಗೆ ಸಂಜೆ ನೀರು ಹಾಕಿ. ಮನೆಗೆ ಸಾಗಿಸುವಾಗಲೂ ಗೋಣಿ ಇರಲಿ.

ಉಪ್ಪು ಬಿಡಿಸುವ ಕೆಲಸ

ಇಡೀ ಕಾರನ್ನು ಮುಳುಗಿಸುವಷ್ಟು ದೊಡ್ಡ ತೊಟ್ಟಿ ನಮ್ಮಂಥವರ ಹತ್ತಿರ ಇರುವುದಿಲ್ಲ. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಡ್ರಮ್ಮಿನಲ್ಲಿ ನೆನೆಸಿ. ದೊಡ್ಡ ದೇಹವನ್ನು ಮಾತ್ರ ಗೋಣಿ ಹಾಕಿ, ವಾರಕ್ಕೊಮ್ಮೆ ಪ್ರೆಷರ್ ವಾಷರ್‌ನಿಂದ ಸಂದುಗೊಂದಿ ತೊಳೆಯುತ್ತಾ ಹೋಗಿ. ಬಾಗಿಲಿನ ಅಡಿ, ಹೊಸ್ತಿಲಿನಂಥ ಪಟ್ಟಿಯ ಒಳಭಾಗ, ಮಡ್‌ಗಾರ್ಡಿನ ಮಡಿಕೆ, ಉಪ್ಪು ಕೂರುವುದು ಇಲ್ಲೇ.

ಬಿಚ್ಚುವ ಮುಂಚೆ ಎರಡು ಅಪಾಯ ನೆನಪಿರಲಿ. ಪೆಟ್ರೋಲ್ ಟ್ಯಾಂಕ್ ಎಷ್ಟೇ ಹಳೆಯದಾದರೂ ಒಳಗೆ ಆವಿ ಇರಬಹುದು. ಅದರ ಹತ್ತಿರ ಗ್ರೈಂಡರ್, ವೆಲ್ಡಿಂಗ್ ಬೇಡ. ಟ್ಯಾಂಕನ್ನು ಮೊದಲು ಬಿಚ್ಚಿ, ನೀರು ತುಂಬಿ, ದೂರ ಇಡಿ. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಎರಡನ್ನೂ ಒಣಗಿದ್ದಾಗ ಉಜ್ಜಬೇಡಿ, ಗಾಳಿ ಹಾಕಿ ಊದಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿ, ಮಕ್ಕಳು ಇಲ್ಲದ ಕಡೆ ಕೆಲಸ ಮಾಡಿ.

200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ 2 ಕಿಲೋ ಬಟ್ಟೆ ಸೋಡಾ ಹಾಕಿ ಕರಗಿಸಿ. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ. ಸೋಡಾ ನೀರಿನಲ್ಲಿ ಕಬ್ಬಿಣ ಹೊಸದಾಗಿ ತುಕ್ಕು ಹಿಡಿಯುವುದಿಲ್ಲ, ಉಪ್ಪು ಮಾತ್ರ ನಿಧಾನಕ್ಕೆ ಹೊರಗೆ ಬರುತ್ತದೆ. ಕಡಲಿನಿಂದ ಎತ್ತಿದ ಕಬ್ಬಿಣವನ್ನು ಉಳಿಸುವವರು ಇದೇ ತತ್ತ್ವ ಬಳಸುತ್ತಾರೆ. ಅಮೆರಿಕದ ಹನ್ಲಿ ಎಂಬ ಹಳೇ ಜಲಾಂತರ್ಗಾಮಿಯನ್ನು 2000ದಲ್ಲಿ ಕಡಲಿನಿಂದ ಎತ್ತಿದರು. ಆಮೇಲೆ ಅದನ್ನು ಕ್ಷಾರದ ದ್ರಾವಣದಲ್ಲಿ ವರ್ಷಗಟ್ಟಲೆ ನೆನೆಸಿಟ್ಟರು. ನಮ್ಮ ಬಾಗಿಲಿಗೆ ಅಷ್ಟು ಕಾಲ ಬೇಡ. ಆದರೆ ಎರಡು ದಿನ ಸಾಲದು. ತಿಂಗಳುಗಳ ಲೆಕ್ಕ ಇದು.

ಅಲ್ಯೂಮಿನಿಯಂ ಮತ್ತು ಸತುವಿನ ಎರಕದ ಸಾಮಾನು ಸೋಡಾ ನೀರಿಗೆ ಹಾಕಬೇಡಿ, ಅವನ್ನು ಅದು ತಿನ್ನುತ್ತದೆ. ಕಾರ್ಬುರೇಟರ್, ಬಾಗಿಲಿನ ಹಿಡಿ, ಫಿಯೆಟ್ ಎಂಜಿನ್ನಿನ ಹೆಡ್ ಇವಕ್ಕೆಲ್ಲ ಬರೀ ಸಿಹಿನೀರು.

ನೀರನ್ನು ಎರಡು ಮೂರು ವಾರಕ್ಕೊಮ್ಮೆ ಬದಲಿಸಿ. ಹಳೇ ನೀರನ್ನು ಬಾವಿ, ತೋಟ, ಗದ್ದೆಯ ಕಡೆ ಬಿಡಬೇಡಿ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮಾಡಿನ ನೀರು ಹಿಡಿದಿಟ್ಟರೆ ತೊಳೆಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ. ಕಡಲಿಗೆ ಹತ್ತಿರದ ಬಾವಿ ನೀರಿನಲ್ಲಿ ಉಪ್ಪಿನಂಶ ಇರಬಹುದು.

ಉಪ್ಪು ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಇದು ನನಗೆ ತುಂಬ ಇಷ್ಟವಾದ ಭಾಗ. ಹತ್ತಿರದ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರ ಹತ್ತಿರ ಹೋಗಿ. ಡ್ರಮ್ಮಿನ ನೀರು ಸ್ವಲ್ಪ, ಮಳೆ ನೀರು ಸ್ವಲ್ಪ, ಎರಡು ಗಾಜಿನ ನಳಿಗೆಯಲ್ಲಿ ಹಿಡಿಯಿರಿ. ಎರಡಕ್ಕೂ ನೊರೆ ನಿಲ್ಲುವ ತನಕ ತೆಳು ನೈಟ್ರಿಕ್ ಆಮ್ಲ ಹಾಕಬೇಕು. ಇಲ್ಲದಿದ್ದರೆ ಸೋಡಾವೇ ಸುಳ್ಳು ಫಲಿತಾಂಶ ಕೊಡುತ್ತದೆ. ಆಮೇಲೆ ಎರಡೆರಡು ಹನಿ ಸಿಲ್ವರ್ ನೈಟ್ರೇಟ್. ಉಪ್ಪು ಇದ್ದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ತೊಟ್ಟಿಯಲ್ಲಿದ್ದ ಬಾನೆಟ್ಟನ್ನು ಸೋಡಾ ಡ್ರಮ್ಮಿಗೆ ಹಾಕಿದ ಮೊದಲ ತಿಂಗಳು ನಮ್ಮ ನಳಿಗೆ ಗಟ್ಟಿ ಹಾಲಿನಂತಿತ್ತು. ಐದನೇ ತಿಂಗಳಿಗೆ ಮಳೆ ನೀರಿಗೂ ಅದಕ್ಕೂ ವ್ಯತ್ಯಾಸ ಹೇಳಲು ಕಷ್ಟವಾಯಿತು. ಆ ದಿನ ಬಾನೆಟ್ಟನ್ನು ಹೊರಗೆ ತೆಗೆದೆವು.

ಈಗ ತುಕ್ಕು

ಉಪ್ಪು ಹೋದ ಮೇಲೆ ಮಾತ್ರ ತುಕ್ಕಿಗೆ ಕೈ ಹಾಕಿ. ಸಣ್ಣ, ಗಟ್ಟಿ ಸಾಮಾನಿಗೆ ವಿದ್ಯುತ್ತಿನ ವಿಧಾನ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರಿಗೆ 10ರಿಂದ 15 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟಿನ ಬ್ಯಾಟರಿ ಚಾರ್ಜರ್ ಸಾಕು. ತುಕ್ಕು ಹಿಡಿದ ಸಾಮಾನಿಗೆ ಮೈನಸ್, ಒಂದು ಬೇಡದ ಕಬ್ಬಿಣದ ತುಂಡಿಗೆ ಪ್ಲಸ್. ಎರಡೂ ಒಂದಕ್ಕೊಂದು ತಾಗಬಾರದು. ಪ್ಲಸ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಸೋಡಾದ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಕೆಲಸ ನಡೆಯುವಾಗ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಆದ್ದರಿಂದ ಬಯಲಿನಲ್ಲಿ ಮಾಡಿ, ಬೀಡಿ ಬೆಂಕಿ ದೂರ ಇರಲಿ. ತಂತಿ ಬಿಚ್ಚುವ ಮುಂಚೆ ಸ್ವಿಚ್ ಆರಿಸಿ. ಸ್ಪ್ರಿಂಗ್‌ಗಳನ್ನು ಇದರಲ್ಲಿ ಹಾಕಬೇಡಿ, ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತವೆ.

ಅವಸರ ಇಲ್ಲದವರಿಗೆ ಕಾಕಂಬಿ ಇದೆ, ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ ಅದು. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಬಿಟ್ಟು ಬೂದು ಬಣ್ಣದ ಕಬ್ಬಿಣ ಕಾಣುತ್ತದೆ. ವಾಸನೆ ಜೋರು, ಇರುವೆ ಬರುತ್ತವೆ. ಆದರೆ ಗಟ್ಟಿ ಕಬ್ಬಿಣಕ್ಕೆ ಬಹಳ ಮೃದು. ಅಲ್ಯೂಮಿನಿಯಂ, ಸತು ಇದಕ್ಕೂ ಬೇಡ.

ಬಣ್ಣ ಹೊಡೆಯದೆ ಹಳೇ ರೂಪದಲ್ಲೇ ಇಡುವುದಾದರೆ ಟ್ಯಾನಿನ್ ದ್ರಾವಣ ಒಳ್ಳೆಯದು. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದಲ್ಲ, ಅದೇ ಕ್ರಿಯೆ. ತುಕ್ಕಿನ ಮೇಲೆ ನೀಲಿ ಕಪ್ಪು ಪದರ ಕೂರುತ್ತದೆ. ಅದರ ಮೇಲೆ ಮೇಣ. ಬಣ್ಣ ಹೊಡೆಯುವುದಾದರೆ ಬಿಸಿನೀರಿನಲ್ಲಿ ತೊಳೆದು, ಬೇಗ ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹಾಕಿ. ಒಂದು ರಾತ್ರಿ ಬಿಟ್ಟರೂ ಕರಾವಳಿಯ ಗಾಳಿಗೆ ಕೆಂಪು ಮೂಡುತ್ತದೆ.

ಎಂಜಿನ್

ಫಿಯೆಟ್ 1100ರ ಎಂಜಿನ್ 1,089 ಸಿಸಿ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ತಾಗಿಕೊಂಡಿದ್ದರೆ ಬ್ಯಾಟರಿಯ ಹಾಗೆ ಕರೆಂಟ್ ಹರಿದು ಅಲ್ಯೂಮಿನಿಯಂ ಕರಗುತ್ತದೆ. ನಮ್ಮ ಹೆಡ್ ನೀರಿನ ದಾರಿಗಳ ಸುತ್ತ ಗೆದ್ದಲು ತಿಂದ ಮರದಂತಿತ್ತು. ಅಂಬಾಸಿಡರಿನ ಹಳೇ 1,489 ಸಿಸಿ ಎಂಜಿನ್ನಿನಲ್ಲಿ ಹೆಡ್ಡೂ ಕಬ್ಬಿಣದ್ದೇ. ಅಲ್ಲಿ ಆಸೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬಹುದು.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಸುರಿಯಿರಿ. ಒಂದು ವಾರ ಬಿಡಿ. ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಎರಡೂ ದಿಕ್ಕಿಗೆ ಮೆತ್ತಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಮತ್ತೆ ಎಣ್ಣೆ ಹಾಕಿ ಕಾಯಿರಿ. ಕಾರನ್ನು ಗೇರಿಗೆ ಹಾಕಿ ಎಳೆದು ಎಂಜಿನ್ ತಿರುಗಿಸುವ ಪ್ರಯತ್ನ ಬೇಡ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ತಿರುಗಿತು ಅಂದ ಕೂಡಲೇ ಸ್ಟಾರ್ಟ್ ಮಾಡಲೂಬೇಡಿ. ಒಳಗೆ ಮರಳು ಇರುತ್ತದೆ. ಪೂರ್ತಿ ಬಿಚ್ಚಲೇಬೇಕು.

ಓಡುತ್ತದೆಯೇ?

ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂದ ಶಬ್ದ ಮಾಡುತ್ತದೆ. ಹಳೇ ಸ್ಕ್ರೂಡ್ರೈವರ್ ತುದಿ ಒತ್ತಿ. ಒಳಗೆ ಹೋದರೆ ಅಲ್ಲಿ ಕಬ್ಬಿಣ ಇಲ್ಲ, ಬಣ್ಣ ಮತ್ತು ತುಕ್ಕು ಮಾತ್ರ.

ಫಿಯೆಟ್, ಅಂಬಾಸಿಡರ್ ಎರಡಕ್ಕೂ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು ಇಲ್ಲ, ದೇಹವೇ ಚಾಸಿ. ಬಾಗಿಲಿನ ಕೆಳಗಿನ ಪಟ್ಟಿ, ನೆಲದ ತಗಡು, ಮುಂದಿನ ಸಸ್ಪೆನ್ಷನ್ ಕೂರುವ ಜಾಗ, ಹಿಂದಿನ ಪಟ್ಟೆ ಸ್ಪ್ರಿಂಗ್ ಕೂರುವ ಜಾಗ, ಇವು ಹೋಗಿದ್ದರೆ ಆ ಕಾರನ್ನು ರಸ್ತೆಗೆ ತರಬೇಡಿ. ಮೇಲೆ ತಗಡು ಬೆಸೆದು ಹೊಳೆಯುವ ಬಣ್ಣ ಹೊಡೆದು ಮಾರುವವರು ಇದ್ದಾರೆ. ಅದರಲ್ಲಿ ಕೂರುವವರ ಜೀವದ ಪ್ರಶ್ನೆ ಅದು. ಹೆರಾಲ್ಡ್ ಮತ್ತು ಜೀಪಿಗೆ ಪ್ರತ್ಯೇಕ ಚಾಸಿ ಇದೆ, ಅಲ್ಲಿ ಚಾಸಿ ಗಟ್ಟಿ ಇದ್ದರೆ ದಾರಿ ಇದೆ.

ಕಡಲಿನಲ್ಲಿ ಸಿಕ್ಕ ಕಾರುಗಳಲ್ಲಿ ಮತ್ತೆ ಓಡುವಂಥವು ಬಹಳ ಕಡಿಮೆ. ಇದನ್ನು ಮೊದಲೇ ಒಪ್ಪಿಕೊಂಡರೆ ಕೆಲಸ ಹಗುರ. ಗಟ್ಟಿ ಉಳಿದ ಬಿಡಿಭಾಗಗಳು ಬೇರೆ ಫಿಯೆಟ್ಟನ್ನು ಬದುಕಿಸಬಹುದು. ಉಳಿದದ್ದನ್ನು ಇದ್ದ ಹಾಗೇ ಕಾಪಾಡಿ ಇಡಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೇ ಕಾರುಗಳನ್ನು ಒಮ್ಮೆ ನೋಡಿ ಬನ್ನಿ. ಶ್ರೀರಂಗಪಟ್ಟಣದ ಹತ್ತಿರದ ಪಯಣ ಮ್ಯೂಸಿಯಂ ಕೂಡ ಇದೆ. ಯಾವ ಭಾಗ ಎಲ್ಲಿ ಕೂರಬೇಕು ಅಂತ ಕಣ್ಣಿಗೆ ತಿಳಿಯುತ್ತದೆ, ಹಿಡಿ, ದೀಪ, ಲಾಂಛನ ಹೇಗಿದ್ದವು ಅಂತ ಗೊತ್ತಾಗುತ್ತದೆ.

ನಿಜಕ್ಕೂ ಓಡುವ ಸ್ಥಿತಿಗೆ ಬಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ, 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಹೊಸ ನೋಂದಣಿಗೆ ಆ ನಿಯಮದಲ್ಲಿ ಇಟ್ಟ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತದೆ. ಚಾಸಿ, ದೇಹ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ.

ಆಮೇಲಿನ ಕಾಳಜಿ

ಉಳಿಸಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ. ಎಲ್ಲಿಯದು, ಯಾವಾಗ ನೆನೆಹಾಕಿದ್ದು, ಯಾವಾಗ ತೆಗೆದದ್ದು ಅಂತ ಬರೆಯಿರಿ. ನೆಲಕ್ಕೆ ತಾಗದ ಹಾಗೆ, ಗಾಳಿಯಾಡುವ ಮಾಡಿನಡಿ ಇಡಿ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಬೇಡಿ, ಒಳಗೆ ಬೆವರುತ್ತದೆ.

ಮೊದಲ ಎರಡು ಮಳೆಗಾಲ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ. ಕಬ್ಬಿಣದ ಮೇಲೆ ಸಾಸಿವೆಯಷ್ಟು ಸಣ್ಣ ಕಿತ್ತಳೆ ಬಣ್ಣದ ಹನಿ ಕಂಡರೆ ಒರೆಸಿ ಸುಮ್ಮನಾಗಬೇಡಿ. ಒಳಗೆ ಇನ್ನೂ ಉಪ್ಪಿದೆ ಎಂಬ ಗುರುತು ಅದು. ಆ ಭಾಗದ ಮೇಣ, ಬಣ್ಣ ತೆಗೆದು ಮತ್ತೆ ಸೋಡಾ ನೀರಿಗೆ ಹಾಕಿ. ನಮ್ಮ ಬಾನೆಟ್‌ನಲ್ಲಿ ಕಳೆದ ಆಗಸ್ಟ್‌ನಲ್ಲಿ ಎಡ ಮೂಲೆಯ ಮಡಿಕೆಯಲ್ಲಿ ಅಂಥ ಮೂರು ಹನಿ ಕಂಡವು. ಆ ಮೂಲೆ ಈಗ ಮತ್ತೆ ಡ್ರಮ್ಮಿನಲ್ಲಿದೆ.